ಬ್ರಷ್ಷಕ್ಕನ ಕೈ

ಮನೆ ಬಿಡುವ ಮುನ್ನ ಆಕೆ ಹತ್ತೂ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಕತ್ತರಿಸಲು ಉಗುರೇ ಇಲ್ಲದ ದಿನವೂ ಉಗುರುಕತ್ತರಿ ಒಮ್ಮೆ ಬೆರಳತುದಿಗಳ ಮೇಲೆ ಹಾದುಹೋಗಲೇಬೇಕು.

"ಇನ್ನು ಬೆರಳನ್ನೇ ಕತ್ತರಿಸ್ಬೇಕಷ್ಟೆ," ಎಂದು ಗಂಡ ರೇಗಿಸುತ್ತಾನೆ.

ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಕೈಗೆ ಕತ್ತರಿ, ಸೂಜಿ ಎತ್ತಿಕೊಡುವ ನರ್ಸ್ ಆಕೆ, ಇಪ್ಪತ್ತೊಂದು ವರ್ಷದಿಂದ. ನಲ್ಲಿಯ ಮುಂದೆ ನಿಂತರೆ ಗಟ್ಟಿ ಬ್ರಷ್ಷಿನಿಂದ ಮೊಣಕೈವರೆಗೆ ಉಜ್ಜಿದ್ದೇ ಉಜ್ಜಿದ್ದು. ಉಳಿದವರೆಲ್ಲ ಬ್ರಷ್ ಬಿಟ್ಟು ಎಷ್ಟೋ ಕಾಲವಾಯಿತು. ಅದಕ್ಕೇ ಆಕೆ ಎಲ್ಲರಿಗೂ ಬ್ರಷ್ಷಕ್ಕ. ಉಜ್ಜುವಷ್ಟು ಹೊತ್ತೂ, ಒಳಗೆ ಮಲಗಿರುವವರನ್ನು ಕಾಪಾಡಪ್ಪಾ ಎಂದು ತುಟಿಯಲ್ಲೇ ಪ್ರಾರ್ಥನೆ.

ಈಚೆಗೆ ಒಂದೇ ತಿಂಗಳಲ್ಲಿ ಮೂವರ ಹೊಲಿಗೆ ಕೀವು ಕಟ್ಟಿತು. ಥಿಯೇಟರಿನವರೆಲ್ಲರ ಕೈಯನ್ನು ಹತ್ತಿಕಡ್ಡಿಯಿಂದ ಒರೆಸಿ, ಆ ಕಡ್ಡಿಗಳನ್ನು ಲ್ಯಾಬಿಗೆ ಕಳಿಸಿದರು. ಲ್ಯಾಬಿನವನು ಆಕೆಯ ಮೈದುನನೇ. ಮೂರನೆಯ ದಿನ ಮಧ್ಯಾಹ್ನ ಆಕೆಯನ್ನು ಕರೆಸಿ, ಬಾಗಿಲು ಮುಂದೆ ಮಾಡಿದ.

"ಅತ್ತಿಗೆ, ಕೀವಿನಲ್ಲಿರೋ ಕ್ರಿಮಿನೇ ನಿಮ್ಮ ಕೈಯಲ್ಲೂ ಇದೆ. ನಿಮ್ಮೊಬ್ಬರ ಕೈಯಲ್ಲೇ."

"ಅದಲುಬದಲಾಗಿರ್ಬೇಕು ಕಣೋ. ಕೋಳಿಗೆ ನೀರು ಚಿಮುಕಿಸಿದ ಹಾಗೆ ಎರಡೇ ಹನಿಯಲ್ಲಿ ಕೈ ತೊಳ್ಕೊಂಡು ಬರ್ತಾರಲ್ಲ, ಅವರ ಕೈಯಲ್ಲಿ ಇಲ್ವಾ?"

"ಇಲ್ಲ. ನಾನೂ ನಂಬದೆ ಎರಡು ಸಲ ನೋಡ್ದೆ. ಎಲ್ಲಿ, ಕೈ ತೋರ್ಸಿ."

ಗೆಣ್ಣುಗಳ ಮೇಲೆ ಕೂದಲೆಳೆಯಂಥ ಕೆಂಪು ಬಿರುಕುಗಳು.

"ನೋಡಿ, ಉಜ್ಜಿ ಉಜ್ಜಿ ಚರ್ಮ ಸೀಳಿದೆ. ಆ ಸಂದಿಯಲ್ಲಿ ಮನೆ ಮಾಡ್ಕೊಂಡಿವೆ. ಇನ್ನೂ ಉಜ್ಜಿದ್ರೆ ಅವಕ್ಕೆ ಇನ್ನೊಂದು ಕೋಣೆ ಕಟ್ಟಿಕೊಟ್ಟ ಹಾಗೆ."

"ಗ್ಲೌಸ್ ಹಾಕಿದ್ನಲ್ಲೋ!"

"ಸೂಜಿ ತಾಗಿ ತೂತಾದ್ರೆ ಕಣ್ಣಿಗೂ ಕಾಣಲ್ಲ ಅತ್ತಿಗೆ."

ಆಕೆಗೆ ತಲೆಬುಡ ತಿಳಿಯಲಿಲ್ಲ. ಕೊಳೆಯಿದ್ದರೆ ಉಜ್ಜಬೇಕು, ಉಜ್ಜಿದ್ದೇ ತಪ್ಪೆಂದರೆ? ಗಾಬರಿಯಲ್ಲಿ ಲ್ಯಾಬಿನ ಮೂಲೆಯ ನಲ್ಲಿಯತ್ತ ಹೋದಳು. ತೊಳೆಯಬೇಕೋ ಬಿಡಬೇಕೋ ತೋಚದೆ ಕೈ ಚಾಚಿಕೊಂಡೇ ನಿಂತಳು. ಕೀವಾದ ಮೂವರಲ್ಲಿ ಒಬ್ಬಳು ಬಾಣಂತಿ. ಅವಳಿಗಾಗಿಯೂ ಪ್ರಾರ್ಥಿಸಿದ್ದಳಲ್ಲ, ಇದೇ ಕೈ ಉಜ್ಜುತ್ತಾ!

ಮೈದುನ ದನಿ ತಗ್ಗಿಸಿದ. "ರಿಪೋರ್ಟು ದೊಡ್ಡ ಡಾಕ್ಟರಿಗೆ ಹೋದ್ರೆ ನಿಮ್ಮನ್ನ ಮತ್ತೆ ಥಿಯೇಟರ್ ಒಳಗೆ ಬಿಡ್ತಾರೋ ಇಲ್ವೋ. ಹದಿನೈದು ದಿನ ರಜೆ ಹಾಕಿ, ಕೈ ವಾಸಿಯಾಗ್ಲಿ. ಆಮೇಲೆ ಇನ್ನೊಂದ್ಸಲ ಒರೆಸಿ, ಇದರ ಬದಲು ಆ ರಿಪೋರ್ಟನ್ನೇ ಕಳಿಸ್ತೀನಿ. ಇದು ನಮ್ಮಿಬ್ಬರಲ್ಲೇ ಇರ್ಲಿ."

ಆಕೆ ತಿರುಗಿದಳು. ಆಪರೇಷನ್ನಿಗೆ ಹೊರಟವಳಂತೆ ಕೈಗಳೆರಡನ್ನೂ ಎದೆಯ ಮುಂದೆ ಎತ್ತಿ ಹಿಡಿದಿದ್ದಳು.

"ನೀನು ಹೇಳಿದ್ದು ನನಗಿನ್ನೂ ಸರಿಯಾಗಿ ಅರ್ಥ ಆಗಿಲ್ಲ ಕಣೋ. ಆದ್ರೆ ಆ ಮೂವರಿಗೆ ಎಲ್ಲಿಂದ ಬಂತು ಅಂತ ಅವರ ಡಾಕ್ಟರಿಗಾದ್ರೂ ಅರ್ಥ ಆಗ್ಬೇಕಲ್ವಾ? ಬೇಡಪ್ಪ, ಮುಚ್ಚಿಡ್ಬೇಡ. ನನ್ನ ಹೆಸರು ಹಾಕಿ ಈಗಲೇ ಕಳ್ಸು."