ಹುಳುಮನೆಯ ಕೆಂಪು ದೀಪ

ತಾಳ್ಮೆ ಎಂಬುದು ನನಗೆ ಹುಟ್ಟಿನಿಂದಲೇ ಕಡಿಮೆ. ಅನ್ನ ಬೆಂದಿದೆಯೋ ಇಲ್ಲವೋ ಎಂದು ಹತ್ತು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಆ ಬೆಳಿಗ್ಗೆಯ ಅವಾಂತರಕ್ಕೂ ಅದೇ ಕಾರಣ. ಆದರೆ ಅದನ್ನು ಒಪ್ಪಿಕೊಳ್ಳುವ ಮುಂಚೆ ಊರವರನ್ನೆಲ್ಲ ಬೈದುಬಿಟ್ಟಿದ್ದೆ.

ಅಂದು ಹನ್ನೊಂದು ಗಂಟೆಗೆ ನನ್ನ ಡೆಮೊ ಕ್ಲಾಸ್ ಇತ್ತು. ಹೊರರಾಜ್ಯಗಳಲ್ಲಿ ಇರುವ ನಮ್ಮವರ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುವ ಸಂಸ್ಥೆಯೊಂದು ಟೀಚರ್‌ಗಳನ್ನು ಹುಡುಕುತ್ತಿತ್ತು. ಮದುವೆಗೆ ಮುಂಚೆ ನಾನು ಚಿಂತಾಮಣಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಕೆಂಚಾರ್ಲಹಳ್ಳಿಯ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಹನ್ನೆರಡು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ರೇಷ್ಮೆ ಹುಳು ಮೇಯಿಸುವುದು, ಗೂಡು ಬಿಡಿಸುವುದು, ಇಷ್ಟೇ. ಮನೆಯಲ್ಲಿದ್ದುಕೊಂಡೇ ಮತ್ತೆ ಪಾಠ ಮಾಡುವ ದಾರಿ ಇದೊಂದೇ ಕಂಡಿತ್ತು. ಅವರು ಮೊದಲೇ ಹೇಳಿದ್ದರು: ಮನೆಯ ನೆಟ್‌ನಿಂದಲೇ ಕ್ಲಾಸ್ ಮಾಡಬೇಕು, ತಪ್ಪಿದರೆ ಇನ್ನೊಂದು ದಿನ ಕೊಡುವುದಿಲ್ಲ. ನಮ್ಮೂರಿನ ಮೊಬೈಲ್ ಸಿಗ್ನಲ್ಲೋ, 'ಹಲೋ, ಕೇಳಿಸ್ತಿದೆಯಾ' ಎನ್ನುವಷ್ಟಕ್ಕೆ ಸರಿ.

ಹಿಂದಿನ ದಿನವೇ ನೆಟ್ ಕಂಪನಿಯಿಂದ ಮೆಸೇಜ್ ಬಂದಿತ್ತು. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದರವರೆಗೆ ರಿಪೇರಿ ಕೆಲಸ, ನೆಟ್ ಇರುವುದಿಲ್ಲ ಎಂದು. ನಾನು ಎದ್ದದ್ದು ನಾಲ್ಕೂವರೆಗೆ. ನೆಟ್ಟಿನ ಡಬ್ಬ ಇರುವುದು ಹುಳುಮನೆಯಲ್ಲಿ. ಲೈನ್ ಬರುವ ಕಂಬ ಆ ಗೋಡೆಯ ಹಿಂದೆಯೇ ಇದೆ. ಹೋಗಿ ನೋಡಿದರೆ ಕೆಂಪು ದೀಪ ಮಿಣಮಿಣ ಅನ್ನುತ್ತಿದೆ. ಇನ್ನರ್ಧ ಗಂಟೆ ಕಾದಿದ್ದರೆ ತಾನಾಗಿಯೇ ಹಸಿರಾಗುತ್ತಿತ್ತು. ಕಾಯುವವಳಾ ನಾನು! ಕರೆಂಟಿನ ವೈರು, ಹಳದಿ ಬಣ್ಣದ ಸಣ್ಣ ವೈರು ಎಲ್ಲವನ್ನೂ ಕಿತ್ತು ಪಕ್ಕದ ಹಲಗೆಯ ಮೇಲಿಟ್ಟು, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಚುಚ್ಚಿದೆ. ಐದಾಯಿತು, ಆರಾಯಿತು, ಎಂಟಾಯಿತು. ದೀಪ ಕೆಂಪಗೇ ಇತ್ತು.

ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ, "ನಿಮ್ಮ ಏರಿಯಾದಲ್ಲಿ ಕೆಲಸ ಮುಗಿದಿದೆ ಮೇಡಂ, ಎಲ್ಲರಿಗೂ ನೆಟ್ ಬರ್ತಿದೆ" ಎಂದಳು ಒಬ್ಬಳು. "ಹಂಗಾದ್ರೆ ನಾನೇನು ಸುಳ್ಳು ಹೇಳ್ತಿದೀನಾ?" ಎಂದು ರೇಗಿದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಯಾರಾದರೂ ಬರುತ್ತಾರಂತೆ. ಆಮೇಲೆ ಬಂದು ಏನು ಮಾಡುತ್ತಾರೆ, ನನ್ನ ತಿಥಿ ಊಟವಾ? ಸುಮ್ಮನೆ ಕೂರುವುದಿಲ್ಲ ಎಂದು ಹಟ ಬಂತು. ನಮಗೆ ಲೈನ್ ಎಳೆದುಕೊಟ್ಟಿದ್ದವರ ನಂಬರ್ ಹುಡುಕಿ, ಅವರು ಎತ್ತುವ ತನಕ ಏಳು ಸಲ ಫೋನ್ ಮಾಡಿದೆ. ಪಾಪ, ನಡುವಯಸ್ಸಿನ ಮನುಷ್ಯ, ತಿಂಡಿ ಬಿಟ್ಟು ಬೈಕ್ ಹತ್ತಿದರು. ಹತ್ತು ಗಂಟೆಗೆ ನಮ್ಮ ಗೇಟಿನ ಹತ್ತಿರ ಇದ್ದರು.

ಗೇಟಿನಲ್ಲಿ ಅತ್ತೆ ನಿಂತಿದ್ದರು.

ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂತು ಪೊರೆ ಕಳಚುವ ಸಮಯ. ಆಗ ಹಾಸಿಗೆ ಒಣಗಿರಲಿ ಎಂದು ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಮನೆಯವರೇ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಬೇಕು. ಹೊರಗಿನವರಂತೂ ಬಾಗಿಲು ದಾಟುವಂತಿಲ್ಲ.

ಆ ಮನುಷ್ಯ ಒಳ್ಳೆಯ ಮಾತಾಡಿ ಅತ್ತೆಯನ್ನು ಒಲಿಸಲು ನೋಡಿದರು. "ನಂಗೆಲ್ಲಾ ಗೊತ್ತಮ್ಮಾ. ನಮ್ಮ ಮನೇಲೂ ಹುಳ ಮೇಯಿಸ್ತೀವಿ. ಕಾಲು ತೊಳ್ಕೊಂಡೇ ಬರ್ತೀನಿ."

ಕೆಟ್ಟಿತು ಕೆಲಸ. "ಅಯ್ಯೋ ದೇವುಡಾ! ಇನ್ನೊಂದು ಹುಳಮನೆಯಿಂದ ಬಂದಿದೀಯಾ?" ಅತ್ತೆ ಗೇಟನ್ನೇ ಹಾಕಿಬಿಟ್ಟರು. "ನಿಮ್ಮನೆ ರೋಗ ನಮ್ಮನೆಗೆ ತರ್ತೀಯೇನಪ್ಪಾ? ಅಲ್ಲೇ ನಿಂತ್ಕೋ."

"ಅತ್ತೇ, ಹನ್ನೊಂದಕ್ಕೆ ನನ್ನ ಕ್ಲಾಸು!"

"ನಿನ್ನ ಕ್ಲಾಸು ಅರ್ಧ ಗಂಟೆದು ಕಣಮ್ಮಾ. ನನ್ನ ಹುಳ ಇಪ್ಪತ್ತು ದಿನದ್ದು."

ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ಆದರೂ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೋದ ವರ್ಷ ಸಪ್ಪೆ ರೋಗ ಬಂದು ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿದದ್ದು ನನಗೂ ನೆನಪಿತ್ತು. ಜಗಳ ಆಡುತ್ತ ಕೂತರೆ ಗಡಿಯಾರ ನಿಲ್ಲುತ್ತದೆಯೇ? "ನೀವು ಹೊರಗಿಂದ ಹೇಳಿ ಅಣ್ಣಾ, ನಾನು ಒಳಗೆ ಮಾಡ್ತೀನಿ" ಎಂದೆ. ಅವರು ಮನೆ ಬಳಸಿಕೊಂಡು ಹಿಂದಿನ ಕಂಬದ ಹತ್ತಿರ ಬಂದು ನಿಂತರು. ನಾನು ಕಾಲು ಅದ್ದಿ ಒಳಗೆ ಹೋದೆ. ನಮ್ಮ ನಡುವೆ ಜಾಲರಿಯ ಕಿಟಕಿ.

"ಯಾವ ದೀಪ ಅಕ್ಕ?"

"ಕೆಂಪು."

"ಲೈನಲ್ಲಿ ಬೆಳಕು ಚೆನ್ನಾಗಿ ಬರ್ತೈತೆ, ಕಂಬದಲ್ಲಿ ನೋಡ್ದೆ. ಒಳಗಡೆನೇ ಏನೋ ಆಗೈತೆ. ಹಳದಿ ವೈರು ಯಾರಾದ್ರೂ ಬಿಚ್ಚಿದ್ರಾ?"

ಬೆಳಿಗ್ಗೆಯಿಂದ ಕಂಪನಿಯವರನ್ನು ಬೈದು ಬೈದು ಬಾಯಿ ಒಣಗಿತ್ತು.

"ನಾನೇ" ಎಂದೆ.

"ಎಲ್ಲಿಟ್ಟಿದ್ರಿ?"

ಹಲಗೆ ನೋಡಿದೆ. ಬೆರಳಲ್ಲಿ ಒರೆಸಿದರೆ ಬೆಳ್ಳಗೆ ಸುಣ್ಣದ ಪುಡಿ. ಅದರ ಮೇಲೆಯೇ ವೈರಿನ ತುದಿ ಉರುಳಾಡಿಸಿ, ಪುಡಿ ಸಮೇತ ಡಬ್ಬಕ್ಕೆ ಚುಚ್ಚಿದ್ದೆ. ನಾಚಿಕೆಯಿಂದ ಸತ್ತು ಹೋಗಬೇಕು ಅನ್ನಿಸಿತು. ಅವರು ನಗಲಿಲ್ಲ. "ಕೂದಲೆಳೆಗಿಂತ ಸಣ್ಣ ಗಾಜಿನ ಎಳೆ ಅಕ್ಕ ಅದು. ಒಂದು ಚೂರು ಪುಡಿ ಕೂತ್ರೂ ಬೆಳಕು ದಾಟಲ್ಲ. ಬನ್ನಿ, ತೆಗೆಯಣ" ಎಂದು ವೈರಿನ ತುದಿ ಒರೆಸುವ ಪೆನ್ನಿನಂಥ ಸಾಧನವೊಂದನ್ನು ಚೀಲದಿಂದ ತೆಗೆದು, ಹಿಂದೆಯೇ ಬಂದು ಕಾವಲು ನಿಂತಿದ್ದ ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ನೇರವಾಗಿ ಬ್ಲೀಚಿಂಗ್ ಬಕೆಟ್ಟಿನ ಕಡೆ ಒಯ್ದರು.

"ಅಮ್ಮಾ, ವದ್ದು ವದ್ದು! ನೀರಿಗೆ ಹಾಕ್ಬೇಡಿ!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು.

ಇಬ್ಬರಿಗೂ ರಾಜಿಯಾಯಿತು. ಅತ್ತೆ ಬಟ್ಟೆ ಅದ್ದಿ, ಹಿಂಡಿ, ಪೆನ್ನಿನ ಹೊರಮೈ ಮಾತ್ರ ಮೂರು ಸಲ ಒರೆಸಿ ನನ್ನ ಕೈಗಿಟ್ಟರು. ಹತ್ತೂವರೆ ಆಗಿತ್ತು. ಕಿಟಕಿಯಾಚೆಯಿಂದ ಅವರು ಹೇಳಿದಂತೆ ಹಳದಿ ವೈರಿನ ತುದಿಗೆ ಪೆನ್ನನ್ನು ಹಿಡಿದು ಟಕ್ ಅನ್ನುವವರೆಗೆ ಒತ್ತಿದೆ. ಡಬ್ಬದ ತೂತಿಗೂ ಒತ್ತಿದೆ. ಜೋಡಿಸಿದೆ. ಕೆಂಪು. "ಇನ್ನೊಂದ್ಸಲ" ಎಂದರು. ಮತ್ತೆ ಬಿಚ್ಚಿದೆ, ಮತ್ತೆ ಒತ್ತಿದೆ. ಕೆಂಪು. ಕಿತ್ತು ಬಿಸಾಕಿಬಿಡುವಷ್ಟು ಕೋಪ. ಹಲ್ಲು ಕಚ್ಚಿ ಮೂರನೇ ಸಲ ಮಾಡಿದೆ, ಈ ಸಲ ನಿಧಾನವಾಗಿ, ಉಸಿರು ಬಿಗಿಹಿಡಿದು. ಅವಸರ ಬಿಟ್ಟು ನಾನು ಮಾಡಿದ ಮೊದಲ ಕೆಲಸ ಅದೇ ಇರಬೇಕು. ಕೆಂಪು ಆರಿತು. ಹಸಿರು ಹತ್ತಿತು.

ಹತ್ತು ಐವತ್ತು. ಸೀರೆಯ ಸುಣ್ಣ ಕೊಡವಿಕೊಳ್ಳುತ್ತ ಕೋಣೆಗೆ ಓಡಿದೆ.

ಕ್ಲಾಸು ಹೇಗೆ ಮುಗಿಯಿತೋ ತಿಳಿಯಲಿಲ್ಲ. ಪರದೆಯ ಮೇಲೆ ನಾಲ್ಕು ಪುಟ್ಟ ಮುಖ. 'ಳ' ಹೇಳಲು ಬಾರದೆ ನಾಲಿಗೆ ಹೊರಳಿಸಿ ನಗುತ್ತಿದ್ದವು. ನಾನೂ ನಕ್ಕೆ. ಮಕ್ಕಳು ಹೋದ ಮೇಲೆ ಸಂಸ್ಥೆಯ ಹಿರಿಯ ಮೇಡಂ ಒಬ್ಬರು ಕೇಳಿದರು, "ಹಳ್ಳಿಯಲ್ಲಿ ಇದೀರಿ. ನಿಮ್ಮ ನೆಟ್ ನಂಬಬಹುದಾ?"

ಹೂಂ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ಬರಲಿಲ್ಲ. "ಇವತ್ತು ಬೆಳಿಗ್ಗೆ ಹೋಗಿತ್ತು ಮೇಡಂ. ರಾತ್ರಿ ಅವರ ಕೆಲಸ ಇತ್ತು, ಅದು ಸರಿಯಾಗೇ ಮುಗೀತು. ಕೆಡಿಸಿದ್ದು ನಾನು. ಹತ್ತು ಐವತ್ತಕ್ಕೆ ಸರಿ ಮಾಡಿದ್ದೂ ನಾನೇ."

ಎಲ್ಲ ಕೈತಪ್ಪಿತು ಅಂದುಕೊಂಡೆ. "ಹತ್ತು ನಿಮಿಷ ಮುಂಚೆ? ಮುಖದಲ್ಲಿ ಗೊತ್ತೇ ಆಗ್ಲಿಲ್ವಲ್ರೀ" ಎಂದು ನಕ್ಕರು. "ಸೋಮವಾರದಿಂದ ಶುರು ಮಾಡ್ತೀರಾ?"

"ಮಾಡ್ತೀನಿ" ಎಂದದ್ದಷ್ಟೇ ನೆನಪು. ಕ್ಯಾಮೆರಾ ಆಫ್ ಮಾಡಿ ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ಮುಖ ಸಪ್ಪಗಾಗಿತ್ತು.

"ಯಾಕಮ್ಮಾ, ಕೊಡ್ಲಿಲ್ವಾ ಅವ್ರು?"

"ಕೊಟ್ರು ಅತ್ತೇ."

ಅವರು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. "ಹಂಗಾದ್ರೆ ಅಳು" ಎಂದು ಸೆರಗಿನಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡರು.