ಸೊಂಟದ ಚಾಕು

ಸುರಪುರದ ಸಾವ್ಕಾರರೊಬ್ಬರಿಗೆ ಚಾಕು ಕೂಡಿಡುವ ಹುಚ್ಚು. ಅವುಗಳ ಫೋಟೊ ತೆಗೆದು, ಹೆಸರಿನ ಚೀಟಿ ಅಂಟಿಸಿಕೊಡಲು ನನ್ನನ್ನು ಕರೆಸಿದ್ದರು. ಕಪಾಟಿನ ಮೂಲೆಯಲ್ಲಿ ಗೇಣುದ್ದದ ಚಾಕುವೊಂದು ಸಿಕ್ಕಿತು, ಹಿಡಿಗೆ ನೈಲಾನ್ ದಾರ ಸುತ್ತಿತ್ತು. ಅದು ಎಲ್ಲಿಯದೆಂದು ಅವರಿಗೇ ನೆನಪಿರಲಿಲ್ಲ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಮ್ಮದು ಹೊಳೆದಂಡೆಯ ಮನೆತನ. ಸೆಳವಿನಲ್ಲಿ ಕಾಲಿಗೆ ಬಲೆ ಸುತ್ತಿಕೊಂಡರೆ ಕೊಯ್ದುಕೊಂಡು ಮೇಲೆ ಬರಲೆಂದು ನಮ್ಮಪ್ಪನೂ ಇಂಥದ್ದನ್ನೇ ಸೊಂಟಕ್ಕೆ ಕಟ್ಟುತ್ತಿದ್ದ. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುತ್ತಿರಲಿಲ್ಲ.

“ಮೀನು ಹಿಡಿಯೋರ್ದು ಅದರಿ ಇದು,” ಅಂದೆ.

“ಹಾಂ, ನೆನಪಾತು ನೋಡು!” ಸಾವ್ಕಾರರ ಮುಖ ಅರಳಿತು. “ಕೃಷ್ಣಾ ದಂಡಿಗಿ ಹೋದಾಗ ಒಬ್ಬಾಂವ ಕೊಟ್ಟಿದ್ದ. ಭಾಳ ಚಂದ ಅದ ಅಂದೆ, ಅಷ್ಟೇ. ಸೊಂಟದಿಂದ ಬಿಚ್ಚಿ ಕೊಟ್ಟೇಬಿಟ್ಟ. ನಮ್ಮಂಥೋರಿಗೆ ಇಲ್ಲ ಅಂತಾರೇನು?”

“ಈಗ ಎಲ್ಲದಾನ್ರಿ ಅಂವ?”

“ಅದೇ ಮಳಿಗಾಲದಾಗ ಬಲಿಯೊಳಗ ಸಿಕ್ಕೊಂಡು ಸತ್ತನಂತ, ಪಾಪ.” ಚಾಕುವಿನ ಅಂಚಿಗೆ ಹೆಬ್ಬೆರಳು ಸವರಿ ಖುಷಿಯಾದರು. “ಹರಿತ ಹೆಂಗದ ನೋಡು, ಇವತ್ತೇ ಮಸದಂಗ. ಚೀಟಿ ಮ್ಯಾಲ ‘ಬಳಸಿಲ್ಲ’ ಅಂತ ಬರಿ.”

ಬರೆದೆ. ಸುಳ್ಳೇನಲ್ಲವಲ್ಲ.