ಕೊಯ್ದ ಅಂಚು

ಸುಶೀಲಾ ಆಂಟಿ, ಅಂಕಲ್ ಕೈಬರಹವನ್ನು ಕತ್ತರಿಸಿದವಳು ನಾನು. ಕತ್ತರಿಸಿ, ಅದು ಭದ್ರವಾಗಿದೆ ಎಂದು ನಿಮಗೆ ಸುಳ್ಳು ಹೇಳಿದವಳೂ ನಾನೇ.

ಅಮೆರಿಕದ ಫೇರ್‌ಫ್ಯಾಕ್ಸ್‌ನ ಫ್ರೇಮ್ ಅಂಗಡಿಯಲ್ಲಿ ನಾನಾಗ ಹೊಸಬಳು. ಅಂಕಲ್ ತೀರಿಕೊಂಡು ಆರು ತಿಂಗಳಾಗಿತ್ತು. ಆ ಜಪಾನಿ ಮರದಚ್ಚಿನ ಚಿತ್ರವನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿರಿ. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ಅಂಕಲ್ ಓದಲು ಹೋಗಿದ್ದಾಗ ಕ್ಯೋಟೋದಲ್ಲಿ ಕೊಂಡದ್ದು. ಅದರಲ್ಲಿ ಬೆಟ್ಟವಿಲ್ಲ, ಮನುಷ್ಯರಿಲ್ಲ — ಒಂದು ದೊಡ್ಡ ಕಪ್ಪು ಆಕಾರ, ಅದರೊಳಗೆ ಹಲಗೆಯ ಗೆರೆಗಳು, ಮೂಲೆಯಲ್ಲಿ ಚೂರು ಕೆಂಪು. "ಮದ್ವೆ ಹೊಸದ್ರಲ್ಲಿ ಇದನ್ನ ಸೀದ ದೋಸೆ ಅಂತಿದ್ದೆ ಕಣೇ," ಎಂದು ನಕ್ಕಿರಿ.

ನೀವು ಆರಿಸಿದ ಫ್ರೇಮಿಗೆ ಕಾಗದ ಒಂದಿಂಚು ದೊಡ್ಡದಾಯಿತು. ಪೋಸ್ಟರುಗಳಿಗೆ ಮಾಡುತ್ತಿದ್ದಂತೆ ಕೆಳಗಿನ ಬಿಳಿ ಅಂಚನ್ನು ಕೊಯ್ದೆ. ನೋಡಲಿಲ್ಲ ಎನ್ನಲಾರೆ. ಏನೋ ಮಸುಕು ಪೆನ್ಸಿಲ್ ಕಂಡಿತ್ತು. ಯಾರೋ ಹಾಕಿದ ಅಳತೆಯ ಗೀಟು ಎಂದುಕೊಂಡೆ.

ಒಯ್ಯಲು ಬಂದಾಗ ನೀವು ಕೇಳಿದಿರಿ: "ಆರ್ಟಿಸ್ಟ್ ಸೈನ್ ಪಕ್ಕ ಇವರೂ ನನ್ನ ಹೆಸ್ರು ಬರ್ದಿದ್ರು. ಸುತ್ತ ಹಾಕಿರೋ ಬೋರ್ಡ್ ಕೆಳಗೆ ಇದೆ ತಾನೇ?"

ಆ ಮಸುಕು ಪೆನ್ಸಿಲ್ ನೆನಪಾಯಿತು. ಆದರೂ ಬಾಯಿ ಹೇಳಿತು — "ಇದೆ ಆಂಟಿ. ಜೋಪಾನವಾಗಿದೆ."

ನೀವು ಹೋದ ಮೇಲೆ ಕಸದ ಬುಟ್ಟಿ ಕೆದಕಿದೆ. ಬೆರಳಗಲದ ಪಟ್ಟಿ, ಜಪಾನಿ ಸಹಿ, ಪಕ್ಕದಲ್ಲಿ ದುಂಡಗೆ — 'ಸುಶೀಲೆಗೆ'. ಅದನ್ನು ಒಂದು ಲಕೋಟೆಯಲ್ಲಿ ಎತ್ತಿಟ್ಟುಕೊಂಡೆ.

ಮರುದಿನವೇ ಬಂದು ಹೇಳಬಹುದಿತ್ತು. ಹೇಳಬಹುದಿತ್ತು... ಎಂಟು ವರ್ಷ ನಿಮ್ಮ ಮನೆಯಲ್ಲಿ ಕಾಫಿ ಕುಡಿದೆ. ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ. ಕಣ್ಣು ಮಂಜಾದ ಮೇಲೂ ನೀವು ಎದ್ದು ಹೋಗಿ ಫ್ರೇಮಿನ ಕೆಳತುದಿಯನ್ನು ಬೆರಳಿನಿಂದ ಸವರುತ್ತಿದ್ದಿರಿ. ಅಲ್ಲಿ ಏನೂ ಇರಲಿಲ್ಲ, ಆಂಟಿ. ನನ್ನ ಊಟದ ಮೇಜಿನ ಮರದ ಗೆರೆಗಳಲ್ಲೂ ಈಗ ಆ ಕಪ್ಪು ಆಕಾರವೇ ಕಾಣುತ್ತದೆ. ಅದರ ಮೇಲೆ ನಿಮ್ಮ ಬೆರಳು.

ಹೋದ ತಿಂಗಳು ನೀವೂ ಹೊರಟುಹೋದಿರಿ. ನಿನ್ನೆ ಅಟ್ಲಾಂಟಾದಿಂದ ನಿಮ್ಮ ಮಗಳು ಮಾಲತಿ ಫೋನ್ ಮಾಡಿದ್ದಳು. "ಅಕ್ಕಾ, ಅಮ್ಮ ಹೇಳ್ತಿದ್ರಲ್ಲ, ಅಪ್ಪನ ಹ್ಯಾಂಡ್‌ರೈಟಿಂಗ್ — ನೋಡ್ಬೇಕು. ಶನಿವಾರ ಫ್ರೇಮ್ ತರ್ತೀನಿ, ನೀವೇ ಓಪನ್ ಮಾಡಿ. ಬೇರೆ ಯಾರಾದ್ರೂ ಹಾಳು ಮಾಡಿಬಿಟ್ರೆ?"

ಅವಳು ಕಾಫಿ ಕುಡಿಯುವಷ್ಟರಲ್ಲಿ, ಫ್ರೇಮ್ ಬಿಚ್ಚುವ ನೆಪದಲ್ಲಿ, ಪಟ್ಟಿಯನ್ನು ಗೊತ್ತಾಗದಂತೆ ಅಂಟಿಸಿಬಿಡಬಹುದು. ಈಗ ನನ್ನ ಕೈ ಅಷ್ಟು ಪಳಗಿದೆ.

ಅಂಟಿಸುವುದಿಲ್ಲ. ಅವಳು ಫ್ರೇಮ್ ಕೆಳಗಿಡುವ ಮೊದಲೇ ಈ ಪಟ್ಟಿಯನ್ನು ಅವಳ ಕೈಯಲ್ಲಿಡುತ್ತೇನೆ. ನಿಮ್ಮ ಕೈಯಲ್ಲಿ ಇಡಬೇಕಾಗಿತ್ತು.